ತಾಲೀಮಿಗೊಂದು ಕೋಣೆ

ಮುಂಬಯಿಯ ಆಚೆಯ ಥಾಣೆಯಲ್ಲೂ, ಖಾಡಿ ದಾಟಿದ ಮೇಲೆ ಸಿಗುವ ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲೂ ಕನ್ನಡಿಗರು ಕಟ್ಟಿಕೊಂಡ ಸಂಘಗಳ ಚರಿತ್ರೆಯನ್ನು ನಮ್ಮ ಸ್ಮರಣ ಸಂಚಿಕೆಗಳು ಹೇಳುವ ಕ್ರಮ ಹೆಚ್ಚುಕಡಿಮೆ ಒಂದೇ. ಸ್ಥಾಪಕರು ಯಾರು, ಅಧ್ಯಕ್ಷರು ಯಾರು, ನಿವೇಶನ ಹೇಗೆ ಸಿಕ್ಕಿತು, ಶಂಕುಸ್ಥಾಪನೆಗೆ ಯಾವ ಮಂತ್ರಿ ಬಂದಿದ್ದರು ಎಂಬುದೆಲ್ಲ ಮುಗಿದ ಮೇಲೆ, ಕೊನೆಯ ಪುಟಗಳಲ್ಲಿ ಯಕ್ಷಗಾನ, ನಾಟಕ, ಅರಸಿನ ಕುಂಕುಮದ ಫೋಟೊಗಳು ಬರುತ್ತವೆ. ಹಾಡು, ಆಟ, ಕೂಟಗಳೆಂದರೆ ಸಮಾಜಸೇವೆಯ ನಡುವೆ ಬಿಡುವಾದಾಗ ಮಾಡುವ ಸಂಗತಿ ಎಂಬ ಭಾವನೆ ಇದರ ಹಿಂದಿದೆ. ನನಗೆ ಕಾಣುವುದು ಇದರ ತದ್ವಿರುದ್ಧ. ಈ ಊರುಗಳಲ್ಲಿ ಜನರನ್ನು ಒಂದು ಕಡೆ ಸೇರಿಸಿದ್ದೇ ಮನರಂಜನೆ. ಅದು ನಡೆಯಲು ಬೇಕಿದ್ದದ್ದು ವೇದಿಕೆಗಿಂತ ಹೆಚ್ಚಾಗಿ ತಾಲೀಮಿಗೆ ಒಂದು ಕೋಣೆ. ಸಂಘದ ಮನೆಗೆ ಬೆಲೆ ಬಂದದ್ದೂ ಆ ಕೋಣೆಯಿಂದಲೇ.

ರೈಲಿನ ಚರಿತ್ರೆಯನ್ನು ಬಿಟ್ಟು ಈ ಮಾತನ್ನು ವಿವರಿಸಲು ಸಾಧ್ಯವಿಲ್ಲ. ಬೋರಿ ಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಬಂದದ್ದು 1853ರ ಏಪ್ರಿಲ್ 16ರಂದು. ಮರುವರ್ಷವೇ ಹಳಿ ಕಲ್ಯಾಣ್ ಮುಟ್ಟಿತು. ಹತ್ತು ವರ್ಷಗಳಲ್ಲಿ, ಅಂದರೆ 1864ರಲ್ಲಿ, ಕಲ್ಯಾಣ್‌ನಲ್ಲಿ ಸಾರ್ವಜನಿಕ ವಾಚನಾಲಯ ತೆರೆಯಿತು. 1893ರಲ್ಲಿ ಥಾಣೆಯಲ್ಲಿ ಮರಾಠಿ ಗ್ರಂಥ ಸಂಗ್ರಹಾಲಯ ಹುಟ್ಟಿತು. ಎರಡೂ ಇಂದಿಗೂ ಇವೆ. ಊರಿನವರು ಸಂಜೆ ಹೊತ್ತು ಸೇರಲು ತಮ್ಮದೇ ಜಾಗ ಮಾಡಿಕೊಳ್ಳುವ ಅಭ್ಯಾಸ ಹೀಗೆ ಇಲ್ಲಿ ಕನ್ನಡಿಗರು ಬರುವ ಮೊದಲೇ ಬೇರೂರಿತ್ತು. ಕನ್ನಡಿಗರ ದೊಡ್ಡ ಸಂಸ್ಥೆಗಳು ಆಗಿನ್ನೂ ನಗರದೊಳಗಿನವು: ಮೈಸೂರು ಅಸೋಸಿಯೇಷನ್ 1926ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಶನ್ 1932ರದ್ದು, ಕರ್ನಾಟಕ ಸಂಘ 1933ರದ್ದು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಆರಂಭವಾಗಿ ಥಾಣೆಯ ವಾಗ್ಲೆ ಎಸ್ಟೇಟ್ ಎದ್ದಿತು. ಡೊಂಬಿವಲಿಯಲ್ಲೂ ಥಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಕಾರ್ಖಾನೆಗಳು ಬಂದವು; 1970ರಲ್ಲಿ ಸರ್ಕಾರದ ನಗರಾಭಿವೃದ್ಧಿ ನಿಗಮ ಸಿಡ್ಕೊ ಹುಟ್ಟಿ ಖಾಡಿಯಾಚೆ ಹೊಸ ನಗರಕ್ಕೆ ನಕ್ಷೆ ಬರೆಯಿತು. ನಗರದಲ್ಲಿ ಬಾಡಿಗೆ ಕೊಡಲಾಗದ ಗುಮಾಸ್ತರು, ಹೋಟೆಲಿನವರು, ಪಾಳಿಯ ಕೆಲಸಗಾರರು ಇತ್ತ ಮನೆ ಮಾಡಿದರು. ಆದರೆ ಡೊಂಬಿವಲಿಯಲ್ಲಿದ್ದವರು ವಾರದ ನಡುವೆ ನಗರದೊಳಗಿನ ಮಾಟುಂಗದಲ್ಲಿ ನಾಟಕ ನೋಡಿ, ರಾತ್ರಿ ಲೋಕಲ್ ಹಿಡಿದು ಮನೆ ಸೇರಿ, ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹೊರಡುವುದು ಹೇಗೆ? ಇದ್ದಲ್ಲೇ ಸಂಘ ಕಟ್ಟಬೇಕಾಯಿತು. ಡೊಂಬಿವಲಿಯ ಕರ್ನಾಟಕ ಸಂಘ, ಥಾಣೆಯ ನವೋದಯ ಕನ್ನಡ ಸೇವಾ ಸಂಘ, ವಾಶಿಯ ಕನ್ನಡ ಸಂಘದಂಥವು ಬೆಳೆದದ್ದೂ, ಬಂಟರ ಸಂಘ ಪ್ರಾದೇಶಿಕ ಸಮಿತಿಗಳನ್ನೂ ಬಿಲ್ಲವರ ಅಸೋಸಿಯೇಶನ್ ಸ್ಥಳೀಯ ಸಮಿತಿಗಳನ್ನೂ ಮಾಡಿಕೊಂಡದ್ದೂ ಈ ದೂರದ ಒತ್ತಡದಿಂದ.

ಹೀಗೆ ಸೇರಿದವರು ಏನು ಮಾಡುತ್ತಿದ್ದರು ಎಂಬುದನ್ನು ಗಮನಿಸಬೇಕು. ಭಜನೆ, ಶನಿವಾರದ ಶನಿಪೂಜೆ, ತಾಳಮದ್ದಳೆ. ಮೂರಕ್ಕೂ ರಂಗಸ್ಥಳ ಬೇಡ, ವೇಷ ಬೇಡ, ಬೆಳಕಿನ ವ್ಯವಸ್ಥೆ ಬೇಡ. ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಕೂರುವ ಅರ್ಥಧಾರಿಗಳು ಇದ್ದರೆ ತಾಳಮದ್ದಳೆ ಆಯಿತು. ಶನಿಮಹಾತ್ಮೆಯ ಕಥೆಯನ್ನು ಓದಿ ಅರ್ಥ ಹೇಳುವ ಪರಿಪಾಠ ಮುಂಬಯಿಯ ತುಳು-ಕನ್ನಡಿಗರಲ್ಲಿ ಇಷ್ಟು ಗಟ್ಟಿಯಾಗಿ ಉಳಿದದ್ದಕ್ಕೆ ಭಕ್ತಿಯಷ್ಟೇ ಇದೂ ಕಾರಣ. ಚಿಕ್ಕ ಜಾಗಕ್ಕೆ ಒಗ್ಗುವ ಕಲೆಯನ್ನೇ ಜನ ಆರಿಸಿಕೊಂಡರು. ಆದರೆ ಒಂದೇ ಕೋಣೆಯ ಮನೆ, ಪಕ್ಕದಲ್ಲೇ ರಾತ್ರಿಪಾಳಿ ಮುಗಿಸಿ ಮಲಗಿದ ನೆರೆಯವ. ಅಲ್ಲಿ ಚೆಂಡೆ ಬಾರಿಸಲಾಗದು. ಸಂಘಕ್ಕೆ ಸ್ವಂತ ಸೂರು ಬೇಕೆಂಬ ಹಂಬಲ ಹುಟ್ಟಿದ್ದು ಇಂಥ ತೀರ ಲೌಕಿಕ ತೊಡಕುಗಳಿಂದ. ಡೊಂಬಿವಲಿಯ ಸಂಘ ಮುಂದೆ ಮಂಜುನಾಥ ವಿದ್ಯಾಲಯ, ಕಾಲೇಜುಗಳನ್ನು ನಡೆಸುವ ಮಟ್ಟಕ್ಕೆ ಬೆಳೆಯಿತು. ವಾರವಾರ ಮುಖ ನೋಡಿಕೊಂಡು ಪರಿಚಯವಾದವರಲ್ಲದೆ ಯಾರು ಒಬ್ಬರನ್ನೊಬ್ಬರು ನಂಬಿ ಶಾಲೆಗೆ ಹಣ ಕೊಡುತ್ತಾರೆ?

ಈಗ ಪಾಲಿಕೆಗಳ ನಾಟ್ಯಗೃಹಗಳಿವೆಯಲ್ಲ, ಸಂಘದ ಕೋಣೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಹೌದು, ಈ ವಿಷಯದಲ್ಲಿ ಇವು ಬಡ ಊರುಗಳಲ್ಲ. ಥಾಣೆಯ ಮಾಸುಂದಾ ಕೆರೆಯ ಬಳಿ ಗಡ್ಕರಿ ರಂಗಾಯತನ 1978ರಿಂದ ಇದೆ. ಕಲ್ಯಾಣ್‌ನಲ್ಲಿ ಆಚಾರ್ಯ ಅತ್ರೆ ರಂಗಮಂದಿರ, ಡೊಂಬಿವಲಿಯಲ್ಲಿ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ವಾಶಿಯಲ್ಲಿ ವಿಷ್ಣುದಾಸ ಭಾವೆ ನಾಟ್ಯಗೃಹ. ಅಂದಹಾಗೆ, 1843ರಲ್ಲಿ ಸಾಂಗ್ಲಿಯಲ್ಲಿ ‘ಸೀತಾಸ್ವಯಂವರ’ ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದ ಭಾವೆಯವರಿಗೆ ಪ್ರೇರಣೆಯಾದದ್ದು ಕರ್ನಾಟಕದಿಂದ ಅಲ್ಲಿಗೆ ಹೋದ ಭಾಗವತ ಮೇಳ. ಅವರ ಹೆಸರಿನ ಮನೆಯಲ್ಲಿ ಯಕ್ಷಗಾನವಾದರೆ ಅದು ನೆಂಟರ ಮನೆಗೆ ಹೋದಂತೆಯೇ. ಆದರೆ ನಾಟ್ಯಗೃಹ ಸಿಗುವುದು ಕೆಲವು ಗಂಟೆಗಳ ಮಟ್ಟಿಗೆ, ಮುಂಗಡ ಕಟ್ಟಿ. ಅಲ್ಲಿ ಆಟ ತೋರಿಸಬಹುದು. ತಿಂಗಳುಗಟ್ಟಲೆ ಹೆಜ್ಜೆ ಕಲಿಯಲಾಗದು. ಮಕ್ಕಳು ತಪ್ಪು ತಾಳ ಹಾಕಿ, ಬೈಸಿಕೊಂಡು, ಮತ್ತೆ ಹಾಕುವುದಕ್ಕೆ ಗಂಟೆಯ ಲೆಕ್ಕವಿಲ್ಲದ ಜಾಗ ಬೇಕು. ಅದನ್ನು ಪಾಲಿಕೆ ಕೊಟ್ಟಿಲ್ಲ.

ಇನ್ನೆರಡು ಆಕ್ಷೇಪಗಳು ಇದಕ್ಕಿಂತ ಬಿಗಿಯಾದವು. ಸಂಘಗಳೆಲ್ಲ ಜಾತಿಯ ಹೆಸರಿನಲ್ಲಿ ಹಂಚಿಹೋಗಿವೆ, ಇವನ್ನು ಸಮುದಾಯ ಕೇಂದ್ರ ಎನ್ನುವುದು ಹೇಗೆ ಎಂಬುದು ಒಂದು. ಇದನ್ನು ನಾನು ಅಲ್ಲಗಳೆಯಲಾರೆ. ಒಂದೇ ನಿಲ್ದಾಣದ ಸುತ್ತ ನಾಲ್ಕು ಸಮಾಜಗಳು ನಾಲ್ಕು ವಾರ್ಷಿಕೋತ್ಸವ ಮಾಡುವುದರಲ್ಲಿ ಹುರುಪಿನಷ್ಟೇ ದುಂದೂ ಇದೆ. ಆದರೂ ಭಾಗವತರನ್ನು ಕರೆಸುವಾಗ ಯಾರೂ ಜಾತಿ ನೋಡುವುದಿಲ್ಲ, ಕಂಠ ನೋಡುತ್ತಾರೆ. ಮನರಂಜನೆಯ ವಿಭಾಗವೇ ಈ ಸಂಘಗಳಲ್ಲಿ ಅತಿ ಕಡಿಮೆ ಬೇಲಿಯಿರುವ ವಿಭಾಗ. ಎರಡನೆಯದು, ಸಭಾಗೃಹಗಳು ಮದುವೆ ಛತ್ರಗಳಾಗಿವೆ ಎಂಬ ದೂರು. ಬಾಡಿಗೆಯಿಲ್ಲದೆ ಕಟ್ಟಡ ನಿಲ್ಲದು, ವಿದ್ಯಾರ್ಥಿಗಳಿಗೆ ಪುಸ್ತಕ ಹಂಚಲೂ ಹಣ ಬೇಕು ಎಂದು ಸಮಿತಿಗಳು ಹೇಳುವುದು ನ್ಯಾಯವೇ. ಆದರೆ ಮದುವೆಗೆ ಮುಹೂರ್ತದ ದಿನಗಳು ಬೇಕು, ತಾಲೀಮಿಗೆ ಅವು ಬೇಡ. ಆಷಾಢದಲ್ಲಿ, ವಾರದ ನಡುವಿನ ಸಂಜೆಗಳಲ್ಲಿ ಬಾಗಿಲು ಹಾಕಿಕೊಂಡಿರುವ ಸಭಾಗೃಹದಿಂದ ಯಾರಿಗೂ ಕಾಸು ಹುಟ್ಟುವುದಿಲ್ಲ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಹೆಚ್ಚುಕಡಿಮೆ ಇದೇ ಆಷಾಢದಲ್ಲಿ, ‘ಆಟಿಡೊಂಜಿ ದಿನ’ ಎಂದು ಒಂದು ಭಾನುವಾರ ಪತ್ರೊಡೆ ಮಾಡಿ ಸಂಭ್ರಮಿಸುವ ನಾವು, ಅದೇ ತಿಂಗಳ ಉಳಿದ ದಿನಗಳಲ್ಲಿ ಕೋಣೆಗೆ ಬೀಗ ಹಾಕುವುದು ಲೆಕ್ಕಕ್ಕೆ ಕೂಡದ ಮಾತು.

ಮಕ್ಕಳಿಗೆ ಕನ್ನಡ ಓದಲು ಬಾರದು ಎಂಬ ಕೊರಗಿಗೂ ಇಲ್ಲೇ ಒಂದು ದಾರಿಯಿದೆ. ಹೊಸ ಪೀಳಿಗೆ ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ-ಹಿಂದಿ, ಅನೇಕರ ಮನೆಗಳಲ್ಲಿ ತುಳು ಆಡುತ್ತದೆ. ಅಕ್ಷರದ ಮೂಲಕ ಕನ್ನಡ ಮುಟ್ಟದ ಕಡೆ ಪಾತ್ರದ ಮಾತು ಬಾಯಿಪಾಠವಾಗಿ ಮುಟ್ಟುತ್ತದೆ. ಕಿವಿಯಿಂದ ಕಲಿತ ಭಾಷೆ ಕೆಳದರ್ಜೆಯದೇನಲ್ಲ. ಸ್ವಂತ ಸಭಾಗೃಹವಿರುವ ಸಂಘಗಳು ಮುಂದಿನ ಮಹಾಸಭೆಯಲ್ಲಿ ವಾರಕ್ಕೆ ಎರಡು ಸಂಜೆಗಳನ್ನು ತಾಲೀಮಿಗೆಂದು ಬಾಡಿಗೆಯಿಲ್ಲದೆ ಬಿಟ್ಟುಕೊಡುವ ಗೊತ್ತುವಳಿ ಮಾಡಲಿ. ಸದಸ್ಯರಾಗಿರುವ ಓದುಗರು ಆ ಗೊತ್ತುವಳಿಯನ್ನು ತಾವೇ ಬರೆದು, ಸೂಚಕರೊಬ್ಬರ, ಅನುಮೋದಕರೊಬ್ಬರ ಸಹಿ ಹಾಕಿಸಿ, ಸಭೆಯ ನೋಟಿಸು ಬಂದ ಕೂಡಲೇ ಕಾರ್ಯದರ್ಶಿಗಳ ಕೈಗೆ ಕೊಡಬೇಕು.