ಕಡಲ ದಂಡೆಯ ಡೇರೆ ಊರು

ಜುಲೈ ಮುಗಿದು ಆಗಸ್ಟ್ ಶುರುವಾಗುವ ವಾರದ ಕೊನೆಯಲ್ಲಿ ಫ್ರಾನ್ಸ್ ದೇಶದ ಹೆದ್ದಾರಿಗಳಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಕಾರುಗಳು. ಜುಲೈಯಲ್ಲಿ ರಜೆ ತೆಗೆದುಕೊಂಡವರು ಮನೆಗೆ ಮರಳುತ್ತಿರುತ್ತಾರೆ, ಆಗಸ್ಟಿನಲ್ಲಿ ರಜೆ ಇರುವವರು ಆಗಷ್ಟೇ ಹೊರಟಿರುತ್ತಾರೆ. ಈ ಎರಡು ಗುಂಪುಗಳಿಗೆ ಅಲ್ಲಿನ ಭಾಷೆಯಲ್ಲಿ ‘ಜುಲೈಯವರು’, ‘ಆಗಸ್ಟಿನವರು’ ಎಂಬ ಅರ್ಥದ ಹೆಸರುಗಳೇ ಇವೆ. 1975ರ ಆಗಸ್ಟಿನ ಒಂದು ಶನಿವಾರ ದೇಶದಲ್ಲೆಲ್ಲ ನಿಂತುಹೋದ ಕಾರುಗಳ ಸಾಲುಗಳನ್ನು ಕೂಡಿಸಿದರೆ 600 ಕಿಲೋಮೀಟರ್ ಆಗಿತ್ತು. ಬೆಂಗಳೂರಿನಿಂದ ಬೆಳಗಾವಿ ತಲುಪಿ ಇನ್ನೂ ನೂರು ಕಿಲೋಮೀಟರ್ ಮಿಗುತ್ತದೆ! ಮರುವರ್ಷವೇ ಸರ್ಕಾರ ‘ಜಾಣ ಕಾಡುಕೋಣ’ ಎಂಬರ್ಥದ ಹೆಸರಿಟ್ಟು, ತಲೆಗೆ ಗರಿ ಸಿಕ್ಕಿಸಿಕೊಂಡ ಒಂದು ಪುಟ್ಟ ಗೊಂಬೆಚಿತ್ರವನ್ನು ಜನರ ಮುಂದೆ ತಂದಿತು. ಯಾವ ದಿನ ರಸ್ತೆ ಹೇಗಿರುತ್ತದೆ ಎಂಬುದನ್ನು ಅದು ಇಂದಿಗೂ ಬಣ್ಣದಲ್ಲಿ ಹೇಳುತ್ತದೆ. ಹಸಿರು, ಕಿತ್ತಳೆ, ಕೆಂಪು ಆದಮೇಲೆ ಕಪ್ಪು. ಕಪ್ಪು ಎಂದರೆ ದಯವಿಟ್ಟು ಮನೆಯಲ್ಲೇ ಇರಿ ಎಂದು ತಿಳಿದುಕೊಳ್ಳಬೇಕು.

ಇಷ್ಟು ಜನ ಎಲ್ಲಿಗೆ ಹೊರಟರು? ಬಹಳ ಮಂದಿ ಸಮುದ್ರದ ಕಡೆಗೆ. ಹಾಗೆಂದು ಎಲ್ಲರೂ ಹೋಟೆಲಿಗಲ್ಲ. ಕಾರಿನ ನೆತ್ತಿಯ ಮೇಲೆ ಮಡಚಿದ ಡೇರೆ, ಹಿಂದೆ ಸೈಕಲ್ಲು, ಒಳಗೆ ಮಕ್ಕಳು, ಕೆಲವೊಮ್ಮೆ ನಾಯಿ. ಯೂರೋಪಿನಲ್ಲೇ ಅತಿ ಹೆಚ್ಚು ಬಿಡಾರದ ಬಯಲುಗಳಿರುವುದು ಫ್ರಾನ್ಸಿನಲ್ಲಿ, ಸುಮಾರು ಏಳೂವರೆ ಸಾವಿರ. ‘ಕ್ಯಾಂಪಿಂಗ್’ ಎಂದೇ ಅವನ್ನು ಕರೆಯುತ್ತಾರೆ. ಬ್ರಿಟನಿ, ವಾಂದೆ, ಲಾಂದ್ ಮುಂತಾದ ಕರಾವಳಿಗಳಲ್ಲಿ ಹೋದಷ್ಟು ದೂರ ಅವುಗಳ ಫಲಕಗಳು ಕಾಣುತ್ತವೆ.

ಮಕ್ಕಳೇ, ಇದು ಹಿಂದಿನಿಂದ ಬಂದ ಪದ್ಧತಿ ಅಂದುಕೊಳ್ಳಬೇಡಿ. ತೊಂಬತ್ತು ವರ್ಷಗಳ ಹಿಂದೆ ಅಲ್ಲಿನ ಕಾರ್ಖಾನೆಯ ಕೂಲಿಕಾರರಲ್ಲಿ ಹೆಚ್ಚಿನವರಿಗೆ ರಜೆ ಎಂದರೆ ಸಂಬಳ ಕಟ್ ಎಂದೇ ಅರ್ಥ. ಸಮುದ್ರ ನೋಡುವುದು ಹಣವಂತರ ಬಾಬತ್ತು. 1936ರ ಮೇ, ಜೂನ್ ತಿಂಗಳಲ್ಲಿ ಲಕ್ಷಾಂತರ ಕಾರ್ಮಿಕರು ಮುಷ್ಕರ ಹೂಡಿದರು. ಆಗ ತಾನೇ ಅಧಿಕಾರಕ್ಕೆ ಬಂದಿದ್ದ ಲಿಯೋನ್ ಬ್ಲೂಮ್ ಅವರ ಸರ್ಕಾರ ಜೂನ್ 20ರಂದು ಕಾಯಿದೆ ಮಾಡಿ, ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಟ್ಟಿತು. ರಜೆಯೇನೋ ಬಂತು, ಹೋಗುವುದು ಹೇಗೆ? ಕ್ರೀಡೆ ಮತ್ತು ಬಿಡುವಿನ ವೇಳೆಯ ಖಾತೆ ನೋಡುತ್ತಿದ್ದ ಲಿಯೊ ಲಗ್ರಾಂಜ್ ಎಂಬ ತರುಣ ಮಂತ್ರಿ ರೈಲು ಟಿಕೆಟ್ಟಿಗೆ ಶೇಕಡಾ 40 ರಿಯಾಯಿತಿ ಕೊಡಿಸಿದ. ಆ ಒಂದೇ ಬೇಸಿಗೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಂದಿ ಆ ಟಿಕೆಟ್ ಕೊಂಡರು. ರೈಲಿಗೂ ಕಾಸಿಲ್ಲದವರು ಇಬ್ಬರು ತುಳಿಯುವ ಜೋಡಿ ಸೈಕಲ್ಲಿಗೆ ಡೇರೆ ಕಟ್ಟಿಕೊಂಡು ಹೊರಟರು. ಆಗಿನ ಕಪ್ಪುಬಿಳುಪು ಛಾಯಾಚಿತ್ರಗಳಲ್ಲಿ ಅವರ ನಗುಮುಖ ನೋಡಬೇಕು. ಆಮೇಲೆ ರಜೆ 1956ರಲ್ಲಿ ಮೂರು ವಾರ, 1969ರಲ್ಲಿ ನಾಲ್ಕು, 1982ರಲ್ಲಿ ಐದು ವಾರ ಆಯಿತು.

ಬ್ಯಾಂಕಿನಲ್ಲಿ ದುಡಿದ ನನ್ನಂಥವನಿಗೆ ಈ ಚರಿತ್ರೆ ಓದುವಾಗ ನೆನಪಾಗುವುದು ನಮ್ಮ ಎಲ್‌ಎಫ್‌ಸಿ. ನಾಲ್ಕು ವರ್ಷಕ್ಕೊಮ್ಮೆ ಕುಟುಂಬ ಸಮೇತ ದೂರದ ಊರಿಗೆ ಹೋಗಿ ಬರಲು ಬ್ಯಾಂಕೇ ಕೊಡುತ್ತಿದ್ದ ಪ್ರಯಾಣದ ಖರ್ಚು ಅದು. ಅದಿಲ್ಲದಿದ್ದರೆ ಗುಮಾಸ್ತನ ಸಂಬಳದಲ್ಲಿ ನಾನು ಹೆಂಡತಿ ಮಕ್ಕಳಿಗೆ ಕನ್ಯಾಕುಮಾರಿ ತೋರಿಸುವುದು ಸಾಧ್ಯವಿತ್ತೇ? ಫ್ರಾನ್ಸಿನಲ್ಲಿ 1982ರಿಂದ ‘ರಜೆಯ ಚೆಕ್ಕು’ ಎಂಬುದಿದೆ. ನೌಕರ ತಿಂಗಳು ತಿಂಗಳು ಸ್ವಲ್ಪ ಉಳಿಸುತ್ತಾನೆ, ಮಾಲೀಕ ಅದಕ್ಕೆ ತನ್ನ ಪಾಲು ಸೇರಿಸುತ್ತಾನೆ. ಬೇಸಿಗೆ ಬಂದಾಗ ಆ ಚೆಕ್ಕುಗಳನ್ನು ರೈಲಿಗೆ, ಊಟಕ್ಕೆ, ಡೇರೆಯ ಜಾಗಕ್ಕೆ ಕೊಡಬಹುದು. ರಜೆಯ ಹಣ ರಜೆಗೇ ಹೋಗುತ್ತದೆ, ಟೀವಿ ಕೊಳ್ಳುವುದಕ್ಕಲ್ಲ. ಇದನ್ನು ಯೋಚಿಸಿದವರು ಯಾರೋ, ಸಂಸಾರ ಬಲ್ಲವರೇ ಇರಬೇಕು.

ನನ್ನ ಮಗಳು ಅಳಿಯ ಇರುವುದು ಟುಲೂಸಿನಲ್ಲಿ, ವಿಮಾನ ಕಟ್ಟುವ ಊರು. 2018ರ ಜುಲೈಯಲ್ಲಿ ಅಲ್ಲಿಗೆ ಹೋಗಿದ್ದಾಗ ಲಾಂದ್ ಕರಾವಳಿಯ ಬಿಸ್ಕರೋಸ್ ಹತ್ತಿರ ಒಂದು ವಾರ ಡೇರೆಯಲ್ಲಿದ್ದೆವು. ಎತ್ತರದ ಪೈನ್ ಮರಗಳ ಕೆಳಗೆ ಬೀದಿಗಳು, ಪ್ರತಿ ಜಾಗಕ್ಕೂ ಒಂದು ಸಂಖ್ಯೆ, ನಡುನಡುವೆ ಬೇಲಿಗಿಡ. ನಮ್ಮದು ನೂರು ಚದರ ಮೀಟರ್ ಇತ್ತು. ಅಂದರೆ ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿಗಿಂತ ತುಸು ಚಿಕ್ಕದು. ಐವರಿಗೂ ಸೇರಿ ಒಂದು ರಾತ್ರಿಗೆ ಕೊಟ್ಟದ್ದು ಅಲ್ಲಿನ ಸಾಧಾರಣ ಹೋಟೆಲಿನ ಒಂದು ಕೋಣೆಯ ಬಾಡಿಗೆಯ ಮೂರನೇ ಒಂದು ಪಾಲೂ ಆಗಲಿಲ್ಲ. ಲೆಕ್ಕ ಹಾಕಿದ್ದು ನಾನೇ.

ಬೆಳಿಗ್ಗೆ ಎಂಟಕ್ಕೆ ಮಕ್ಕಳ ದಂಡು ಕಚೇರಿಯ ಕಡೆ ನಡೆಯುತ್ತದೆ. ಹಿಂದಿನ ಸಂಜೆಯೇ ಹೇಳಿಟ್ಟ ಉದ್ದನೆಯ ಬ್ರೆಡ್ಡು, ಬಾಗೆತ್, ತರಲು. ಡೇರೆಗೆ ಬರುವಷ್ಟರಲ್ಲಿ ಅದರ ತುದಿ ಮಾಯ. ನನ್ನ ಮೊಮ್ಮಗನೂ ಮೂರನೇ ದಿನಕ್ಕೆ ಈ ವಿದ್ಯೆ ಕಲಿತ. ಪಾತ್ರೆ ತೊಳೆಯುವುದು ಸಾಲಾಗಿ ಕಟ್ಟಿದ ಸಾರ್ವಜನಿಕ ತೊಟ್ಟಿಗಳಲ್ಲಿ. ರಾತ್ರಿ ಊಟ ಮುಗಿದ ಮೇಲೆ ಟಬ್ಬು ಹಿಡಿದು ಹೋಗುವವರಲ್ಲಿ ಗಂಡಸರೇ ಹೆಚ್ಚು ಎಂಬುದನ್ನು ನನ್ನ ಹೆಂಡತಿ ಮೊದಲ ದಿನವೇ ಗಮನಿಸಿದಳು. ಎರಡನೆಯ ದಿನದಿಂದ ನಾನೂ ಹೋದೆ. ಊರಿನ ಬಾವಿಕಟ್ಟೆಯ ಹಾಗೆ ಅಲ್ಲಿ ಎಲ್ಲ ಸುದ್ದಿ ಸಿಗುತ್ತದೆ, ಭಾಷೆ ಬರದಿದ್ದರೂ!

ಪಕ್ಕದ ಡೇರೆಯಲ್ಲಿ ಉತ್ತರದ ಲಿಲ್ ಕಡೆಯಿಂದ ಬಂದ ಅಜ್ಜ ಅಜ್ಜಿ ಇದ್ದರು. ಅಲ್ಲಿ ಶಾಲೆಗೆ ಬೇಸಿಗೆ ರಜೆ ಎರಡು ತಿಂಗಳು, ಅಪ್ಪ ಅಮ್ಮನಿಗೆ ಅಷ್ಟು ರಜೆ ಎಲ್ಲಿ? ಹಾಗಾಗಿ ಮೊಮ್ಮಕ್ಕಳು ಸರದಿಯ ಮೇಲೆ ಅಜ್ಜ ಅಜ್ಜಿಯ ಡೇರೆಗೆ ಬರುತ್ತಾರೆ. ನಮ್ಮ ಕಡೆ ಬೇಸಿಗೆಗೆ ಮಕ್ಕಳನ್ನು ಅಜ್ಜಿ ಮನೆಗೆ ಕಳಿಸುವುದಿಲ್ಲವೇ, ಇವರ ಅಜ್ಜಿ ಮನೆಗೆ ಗೂಟ ಹಗ್ಗ ಇದೆ, ಅಷ್ಟೇ ವ್ಯತ್ಯಾಸ.

ಸಂಜೆಯಾದರೆ ಆ ಅಜ್ಜ ನನ್ನನ್ನು ‘ಪೆತಾಂಕ್’ ಆಡಲು ಕರೆಯುತ್ತಿದ್ದರು. ಒಂದು ಪುಟ್ಟ ಮರದ ಗುಂಡನ್ನು ಆರರಿಂದ ಹತ್ತು ಮೀಟರ್ ದೂರಕ್ಕೆ ಎಸೆಯುತ್ತಾರೆ. ಅದರ ಹೆಸರು ‘ಹಂದಿಮರಿ’. ಆಮೇಲೆ ಮುಕ್ಕಾಲು ಕಿಲೋ ಆಸುಪಾಸಿನ ಲೋಹದ ಚೆಂಡುಗಳನ್ನು ಅದರ ಹತ್ತಿರಕ್ಕೆ ಬೀಳಿಸಬೇಕು. ಎದುರಾಳಿಯ ಚೆಂಡು ಹತ್ತಿರವಿದ್ದರೆ ಹೊಡೆದು ಹಾರಿಸಬಹುದು, ಗೋಲಿಯಾಟದ ಹಾಗೆ. ಈ ಆಟ ಹುಟ್ಟಿದ ಕತೆ ಅಜ್ಜಂದಿರಿಗೆ ಪ್ರಿಯವಾಗುವಂಥದು. ಮೊದಲು ದಕ್ಷಿಣ ಫ್ರಾನ್ಸಿನಲ್ಲಿ ಮೂರು ಹೆಜ್ಜೆ ಓಡಿ ಚೆಂಡು ಎಸೆಯುತ್ತಿದ್ದರು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಲಾ ಸಿಯೊಟಾ ಎಂಬ ಬಂದರು ಊರಿನಲ್ಲಿ ಒಬ್ಬ ಒಳ್ಳೆಯ ಆಟಗಾರನಿಗೆ ಸಂಧಿವಾತ ಬಂದು ಓಡಲಾಗದೆ ಕೂತ. ಅವನಿಗಾಗಿ ಗೆಳೆಯರು ನಿಯಮವನ್ನೇ ಬದಲಿಸಿದರು. ಎಲ್ಲರೂ ನಿಂತಲ್ಲೇ, ಪಾದ ಕದಲಿಸದೆ ಎಸೆಯಬೇಕು. ‘ಊರಿದ ಪಾದ’ ಎಂಬ ಅಲ್ಲಿನ ಆಡುಮಾತೇ ಪೆತಾಂಕ್ ಆಯಿತು. ಒಬ್ಬ ಗೆಳೆಯ ಮಂಡಿನೋವಿನಿಂದ ಆಟ ಬಿಡಬಾರದೆಂದು ಮಾಡಿದ್ದನ್ನು ಇಂದು ಇಡೀ ದೇಶ ಆಡುತ್ತಿದೆ. ಆರು ವರ್ಷದ ಹುಡುಗಿ, ಎಪ್ಪತ್ತು ದಾಟಿದ ಅಜ್ಜ ಒಂದೇ ತಂಡದಲ್ಲಿ ಆಡಬಲ್ಲ ಆಟಗಳು ಎಷ್ಟಿವೆ ಹೇಳಿ?

ನಿಯಮಗಳೂ ಇವೆ. ರಾತ್ರಿ ಹೊತ್ತಾದ ಮೇಲೆ ಕಾರು ಒಳಗೆ ಬರುವಂತಿಲ್ಲ, ಗದ್ದಲ ಮಾಡುವಂತಿಲ್ಲ. ಈಜುಕೊಳಕ್ಕೆ ಸಡಿಲವಾದ ಬರ್ಮುಡಾ ಚಡ್ಡಿ ನಿಷಿದ್ಧ. ಊರೆಲ್ಲ ಸುತ್ತಿದ ಚಡ್ಡಿಯ ಧೂಳು ನೀರಿಗೆ ಬೇಡ ಎಂಬುದು ಅವರ ವಾದ, ಬಿಗಿ ಚಡ್ಡಿಯೇ ಆಗಬೇಕು. ನಮ್ಮ ಹುಡುಗ ಅರ್ಧ ದಿನ ಮುಖ ಊದಿಸಿಕೊಂಡಿದ್ದ. ಸಮುದ್ರದ ನಿಯಮವಂತೂ ಇನ್ನೂ ಕಟ್ಟುನಿಟ್ಟು. ಆ ಕರಾವಳಿಯಲ್ಲಿ ‘ಬೈನ್’ ಎಂಬ ಮರಳ ಗುಂಡಿಗಳು ಕೊಳದಂತೆ ಶಾಂತವಾಗಿ ಕಾಣುತ್ತವೆ. ಆದರೆ ಅವು ಬರಿದಾಗುವಾಗ ನೀರು ಈಜುವವರನ್ನು ಆಳಕ್ಕೆ ಎಳೆದೊಯ್ಯುತ್ತದೆ. ಕಾವಲುಗಾರರು ನೆಟ್ಟ ಎರಡು ಬಾವುಟಗಳ ನಡುವೆ ಮಾತ್ರ ಈಜಬೇಕು. ಸೆಳೆತಕ್ಕೆ ಸಿಕ್ಕರೆ ಅದರ ಎದುರು ಈಜಿ ಸುಸ್ತಾಗದೆ, ತೇಲುತ್ತ ಕೈಯೆತ್ತಿ ತೋರಿಸಬೇಕು ಎಂದು ಅಲ್ಲಿನ ಮಕ್ಕಳಿಗೆ ಹೇಳಿಕೊಡುತ್ತಾರೆ.

ಬೆಂಕಿಯ ಮಾತು ಹೇಳದಿದ್ದರೆ ಈ ಲೇಖನ ಅರ್ಧವೇ. ನಾವಿದ್ದ ಜಾಗಕ್ಕೆ ಉತ್ತರದಲ್ಲಿ ಪಿಲಾ ಎಂಬ ಮರಳ ಗುಡ್ಡವಿದೆ. ನೂರು ಮೀಟರಿಗೂ ಎತ್ತರ, ಯೂರೋಪಿನಲ್ಲೇ ದೊಡ್ಡದು. ಅದರ ಬುಡದ ಪೈನ್ ಕಾಡಿನಲ್ಲಿ ಐದು ಕ್ಯಾಂಪಿಂಗ್‌ಗಳಿದ್ದವು. 2022ರ ಜುಲೈ 12ರಂದು ಕಾಡುದಾರಿಯಲ್ಲಿ ಕೆಟ್ಟು ನಿಂತ ಒಂದು ವಾಹನಕ್ಕೆ ಬೆಂಕಿ ಹತ್ತಿ ಕಾಡಿಗೆ ಹರಡಿತು. ಬೆಳಕು ಹರಿಯುವ ಮುಂಚೆಯೇ ಸುಮಾರು ಆರು ಸಾವಿರ ಜನರನ್ನು ಎಬ್ಬಿಸಿ, ಮಲಗಿದ ಬಟ್ಟೆಯಲ್ಲೇ ಹೊರಗೆ ಸಾಗಿಸಿದರು. ಕೆಲವು ದಿನಗಳ ನಂತರ ಗಾಳಿ ತಿರುಗಿ ಆ ಐದು ಬಿಡಾರಗಳೂ ಬಹುಪಾಲು ಬೂದಿಯಾದವು. ಒಂದೇ ಒಂದು ಜೀವ ಹೋಗಲಿಲ್ಲ. ಸುದ್ದಿ ನೋಡಿ ಮಗಳು ಫೋನ್ ಮಾಡಿದಾಗ ನನ್ನ ಹೆಂಡತಿ ಕೇಳಿದ್ದು ಲಿಲ್ಲಿನ ಆ ಅಜ್ಜ ಅಜ್ಜಿಯನ್ನು. ಅವರು ಆ ವರ್ಷ ಇನ್ನೂ ಹೊರಟಿರಲಿಲ್ಲ. ಮರುವರ್ಷದಿಂದ ಬಿಡಾರಗಳು ಮತ್ತೆ ತೆರೆಯತೊಡಗಿದವು, ನೆರಳು ಮಾತ್ರ ಮೊದಲಿನಂತಿಲ್ಲ.

ಬದಲಾವಣೆ ಬೆಂಕಿಯಿಂದಷ್ಟೇ ಬಂದಿಲ್ಲ. ಡೇರೆ ಹೊಡೆಯುವ ಜಾಗಗಳಲ್ಲಿ ಈಗ ಸಾಲುಸಾಲು ತಯಾರಿ ಮನೆಗಳು, ಜಾರುಬಂಡೆಯ ಈಜುಕೊಳಗಳು, ಐದು ನಕ್ಷತ್ರದ ಫಲಕಗಳು. ಅಜ್ಜಿಯರ ಸೊಂಟಕ್ಕೆ ಮಂಚ ಒಳ್ಳೆಯದೇ, ನಾನು ಒಪ್ಪುತ್ತೇನೆ. ಆದರೆ ಬಾಡಿಗೆ ಹೋಟೆಲಿನ ಸಮಕ್ಕೆ ಬಂದರೆ, ಜೋಡಿ ಸೈಕಲ್ಲಿನಲ್ಲಿ ಬಂದವರ ಮೊಮ್ಮಕ್ಕಳು ಎಲ್ಲಿಗೆ ಹೋಗಬೇಕು? ಇಷ್ಟೆಲ್ಲ ಇದ್ದೂ ಅಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ವರ್ಷವಿಡೀ ಪ್ರವಾಸಕ್ಕೆಂದು ಮನೆ ಬಿಡುವುದೇ ಇಲ್ಲ. ಹೆಚ್ಚಿನವರಿಗೆ ಕಾರಣ ಕಾಸು.

ಅವರ ಮಕ್ಕಳಿಗಾಗಿ ಸೆಕೂರ್ ಪೋಪುಲೇರ್ ಎಂಬ ಸೇವಾಸಂಸ್ಥೆ 1979ರಿಂದ ಪ್ರತಿ ಆಗಸ್ಟಿನಲ್ಲಿ ಒಂದು ದಿನ ನಡೆಸುತ್ತಿದೆ. ‘ರಜೆ ಮರೆತುಬಿಟ್ಟವರ ದಿನ’ ಎಂದು ಅದರ ಹೆಸರು. ಬೆಳಗಿನ ಜಾವ ಬಸ್ಸುಗಳು ಹೊರಡುತ್ತವೆ, ಸಾವಿರಾರು ಮಕ್ಕಳು ಸಮುದ್ರದ ದಂಡೆಯಲ್ಲಿ ಇಳಿಯುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಸಮುದ್ರ ನೋಡುವುದು ಅದೇ ಮೊದಲು. ಸಂಜೆ ಬಸ್ಸು ಹತ್ತುವಾಗ ಚಡ್ಡಿ ಒದ್ದೆ, ಜೇಬಿನ ತುಂಬ ಕಪ್ಪೆಚಿಪ್ಪು.