ಪರದೇಶದ ಮೊದಲ ತುತ್ತು

ಉಡುಪಿ, ಕುಂದಾಪುರಗಳ ಕಡೆಯಿಂದ ಅಹಮದಾಬಾದಿಗೆ ಬಂದಿಳಿದ ನಮ್ಮ ಹುಡುಗನು ಊರಿಗೆ ತಿಳಿಸುವ ಮೊದಲ ಸುದ್ದಿಯಲ್ಲಿ ಒಂದು ಮಾತು ತಪ್ಪುವುದಿಲ್ಲ: ಇಲ್ಲಿ ಬೇಳೆಯ ಸಾರಿಗೂ ಬೆಲ್ಲ ಹಾಕುವರು! ಊಟ ಮಾಡಿದರೆ ಸೂರತ್ತಿನಲ್ಲಿ, ಸತ್ತರೆ ಕಾಶಿಯಲ್ಲಿ ಎಂಬ ಗುಜರಾತಿ ಗಾದೆಯ ರುಚಿ ಅವನಿಗೆ ಹತ್ತಬೇಕಾದರೆ ಕೆಲವು ಕಾಲ ಹಿಡಿಯುತ್ತದೆ.

ಇದೇ ನಾಡಿನ ವಿದ್ಯಾರ್ಥಿಯೊಬ್ಬನು ಪರದೇಶದಲ್ಲಿ ಅನುಭವಿಸಿದ ಹಸಿವಿನ ಕಥೆಯನ್ನು ನಾವು, ಅದರಲ್ಲಿಯೂ ಹೋಟೆಲಿನ ಉದ್ಯೋಗದಲ್ಲಿರುವವರು, ತಿಳಿದಿರುವುದು ಒಳ್ಳೆಯದು. ಮೋಹನದಾಸ ಗಾಂಧಿಯು ೧೮೮೭ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಗೆಂದು ರಾಜಕೋಟೆಯಿಂದ ಅಹಮದಾಬಾದಿಗೆ ಬಂದುದೇ ಆತನಿಗೆ ಒಬ್ಬಂಟಿಯಾದ ದೊಡ್ಡ ಪ್ರಯಾಣವಾಗಿದ್ದಿತು. ಮರುವರ್ಷ ಸೆಪ್ಟೆಂಬರ್ ೪ರಂದು, ಹತ್ತೊಂಬತ್ತು ತುಂಬುವ ಮೊದಲೇ, ಮದ್ಯ ಮಾಂಸಗಳನ್ನು ಮುಟ್ಟೆನೆಂದು ತಾಯಿಗೆ ಮಾತು ಕೊಟ್ಟು ಮುಂಬಯಿಯಲ್ಲಿ ಹಡಗನ್ನೇರಿದನು.

ಇಂಗ್ಲೆಂಡಿನಲ್ಲಿ ಇಳಿಯುವಾಗ ಬಿಳಿಯ ಫ್ಲ್ಯಾನಲ್ ಉಡುಪು ಶೋಭಿಸುವುದೆಂದು ತೊಟ್ಟಿದ್ದನು. ನೋಡಿದರೆ ಆ ತಿಂಗಳ ಕೊನೆಯಲ್ಲಿ ಬಿಳಿ ಉಟ್ಟವನು ಆತನೊಬ್ಬನೇ. ಮರುದಿನ ಭಾನುವಾರ, ಸಾಮಾನು ಸಿಗುವಂತಿರಲಿಲ್ಲ. ಲಂಡನ್ನಿನ ವಿಕ್ಟೋರಿಯಾ ಹೋಟೆಲಿನಲ್ಲಿ ಲಿಫ್ಟನ್ನು ಕಂಡು, ಸ್ವಲ್ಪ ಹೊತ್ತು ಕುಳಿತುಕೊಳ್ಳುವ ಕೋಣೆಯೆಂದೇ ಭಾವಿಸಿದನು. ಪ್ರಾಣಜೀವನ ಮೆಹತಾರ ಎತ್ತರದ ಟೋಪಿಯ ನವಿರನ್ನು ಕುತೂಹಲದಿಂದ ಎದುರುಮುಖವಾಗಿ ಸವರಿ, ಪರರ ವಸ್ತುವನ್ನು ಮುಟ್ಟಬಾರದೆಂಬ ಮೊದಲ ಪಾಠವನ್ನು ಕಲಿತನು. ಇವೆಲ್ಲ ನಗುವ ಸಂಗತಿಗಳು. ಹೊಟ್ಟೆಯ ಸಂಗತಿ ಹಾಗಲ್ಲ.

ಹೋಟೆಲಿನ ಬಿಲ್ಲು ೩ ಪೌಂಡು! ಒಂದು ಪದಾರ್ಥ ಒಗ್ಗಲಿಲ್ಲವೆಂದು ಇನ್ನೊಂದನ್ನು ತರಿಸಿದರೆ ಎರಡಕ್ಕೂ ಹಣ ತೆರಬೇಕು. (ಉಪ್ಪಿಟ್ಟನ್ನು ಕೆದಕಿ ಬಿಟ್ಟು ದೋಸೆ ಕೇಳುವ ಗಿರಾಕಿಯನ್ನು ಕಂಡವರಿಗೆ ಈ ನಿಯಮ ನ್ಯಾಯವಾಗಿಯೇ ತೋರೀತು.) ಅಷ್ಟು ತೆತ್ತರೂ ಹೊಟ್ಟೆ ತುಂಬದೆ, ಮುಂಬಯಿಯಿಂದ ತಂದಿದ್ದ ತಿಂಡಿಯಿಂದಲೇ ದಿನ ಕಳೆಯಿತು. ರಾತ್ರಿಯಾದರೆ ತಾಯಿಯ ನೆನಪಾಗಿ ಕಣ್ಣೀರು ಹರಿಯುತ್ತಿತ್ತೆಂದು ಗಾಂಧೀಜಿಯವರೇ ಆತ್ಮಕಥೆಯಲ್ಲಿ ಹೇಳಿಕೊಂಡಿರುವರು.

ಆಮೇಲೆ ಒಂದು ಕುಟುಂಬದಲ್ಲಿ ವಸತಿಯಾಯಿತು. ಉಪ್ಪು ಖಾರಗಳಿಲ್ಲದೆ ಬೇಯಿಸಿದ ತರಕಾರಿ, ಎರಡು ಮೂರು ಹೋಳು ರೊಟ್ಟಿ. ಮನೆಯೊಡತಿಯ ಹೆಣ್ಣುಮಕ್ಕಳು ಇನ್ನೊಂದು ಹೋಳನ್ನು ಬಡಿಸುವರು. ಇಡೀ ರೊಟ್ಟಿಯೇ ಬೇಕೆಂದು ಹೇಳಲು ನಾಚಿಕೆ. ದಿನಕ್ಕೆ ೧೦–೧೨ ಮೈಲಿ ನಡೆದು ಶಾಕಾಹಾರದ ಅಂಗಡಿಯನ್ನು ಹುಡುಕುತ್ತ, ಅಗ್ಗದ ಅಂಗಡಿಗಳಲ್ಲಿ ಬರಿಯ ರೊಟ್ಟಿಯನ್ನು ತಿಂದನು. ಕೊನೆಗೊಂದು ದಿನ ಫಾರಿಂಗ್‌ಡನ್ ಬೀದಿಯಲ್ಲಿ ಅಂಥದೊಂದು ಸಿಕ್ಕಿತು. ಬಾಗಿಲ ಬಳಿಯ ಗಾಜಿನ ಕಿಟಕಿಯಲ್ಲಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟನ ಶಾಕಾಹಾರದ ಪುಸ್ತಕವನ್ನು ಒಂದು ಶಿಲಿಂಗಿಗೆ ಕೊಂಡು, ನೇರವಾಗಿ ಊಟದ ಕೋಣೆಗೆ ನಡೆದನು. ಇಂಗ್ಲೆಂಡಿಗೆ ಬಂದ ಮೇಲೆ ಅದೇ ಮೊದಲ ತೃಪ್ತಿಯ ಊಟ. ಅಂದು ಬಡಿಸಿದವನು ಯಾರೋ, ಚರಿತ್ರೆ ಆತನ ಹೆಸರನ್ನು ಉಳಿಸಿಲ್ಲ.

ಇನ್ನೊಬ್ಬ ವಿದ್ಯಾರ್ಥಿಯ ಕಥೆ ಇದಕ್ಕೆ ತಿರುಗುಮುರುಗು. ಅದು ನಡೆದುದು ನಮ್ಮ ಬಡೋದೆಯಲ್ಲಿಯೇ. ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದಿಂದ ೧೯೧೩ರಲ್ಲಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದ ಭೀಮರಾವ್ ಅಂಬೇಡ್ಕರರಿಗೆ, ತಾವು ಅಸ್ಪೃಶ್ಯರೆಂಬ ಅರಿವೇ ಪರದೇಶದಲ್ಲಿ ಮನಸ್ಸಿನಿಂದ ಅಳಿಸಿಹೋಗಿತ್ತು. ೧೯೧೭ರಲ್ಲಿ ಸಂಸ್ಥಾನದ ಸೇವೆಗೆಂದು ಬಡೋದೆಯ ನಿಲ್ದಾಣದಲ್ಲಿ ಇಳಿದೊಡನೆ ಎದುರಾದ ಪ್ರಶ್ನೆ: ತಂಗುವುದೆಲ್ಲಿ? ಹಿಂದೂ ಹೋಟೆಲುಗಳಿದ್ದುವು, ತಮ್ಮನ್ನು ಸೇರಿಸರೆಂಬುದು ಅವರಿಗೆ ಗೊತ್ತಿತ್ತು. ಪಾರಸಿ ಹೆಸರನ್ನು ಹೇಳಿ ಒಂದು ಪಾರಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರ ಗುಂಪು ಬಂದು, ಸಂಜೆಯೊಳಗೆ ಜಾಗ ಬಿಡೆಂದಿತು. ಒಬ್ಬ ಸ್ನೇಹಿತನು, ನೀವು ಬಂದರೆ ನನ್ನ ಆಳುಗಳು ಹೋಗುವರೆಂದನು. ಮತ್ತೊಬ್ಬನು ಹೆಂಡತಿಯನ್ನು ಕೇಳಬೇಕೆಂದನು.

ಮುಂಬಯಿಯ ಗಾಡಿ ರಾತ್ರಿ ೯ಕ್ಕೆ. ನಡುವಿನ ಹೊತ್ತನ್ನು ಅವರು ಕಮಾಟಿ ಬಾಗಿನಲ್ಲಿ ಕುಳಿತು ಕಳೆದರು, ದಿಕ್ಕುಗೆಟ್ಟ ಮಗುವಿನಂತೆ ತಂದೆತಾಯಿಗಳನ್ನು ನೆನೆಯುತ್ತ. ಎಂಟು ಗಂಟೆಗೆ ಎದ್ದು, ಗಾಡಿಯಲ್ಲಿ ವಸತಿಗೃಹಕ್ಕೆ ಹೋಗಿ ಸಾಮಾನನ್ನು ಕೆಳಗಿಳಿಸಿದರು. ಮನೆ ಕಾಯುವವನು ಹೊರಗೆ ಬಂದನು. ಇಬ್ಬರಿಗೂ ಮಾತು ಹೊರಡಲಿಲ್ಲ.