ವಿಮಾನ ಜೋಡಣೆ: ಯಾವುದು ಮೊದಲು?

ಕಾರ್ಕಳದ ಗೊಮ್ಮಟನನ್ನು ನೀವು ನೋಡಿರಬಹುದು. 1432ರಲ್ಲಿ ಪ್ರತಿಷ್ಠಾಪನೆಗೊಂಡ ಈ ಏಕಶಿಲಾ ಮೂರ್ತಿಯನ್ನು ಮೊದಲು ಕೆತ್ತಿ, ಆಮೇಲೆ ಬಂಡಿಯಲ್ಲಿ ಬೆಟ್ಟಕ್ಕೆ ಏರಿಸಿದರೆಂದು ಕವಿ ಚಂದ್ರಮ ವರ್ಣಿಸಿದ್ದಾನೆ. ಶ್ರವಣಬೆಳಗೊಳದ ಮೂರ್ತಿಯನ್ನಾದರೋ ಬೆಟ್ಟದ ಬಂಡೆಯಲ್ಲೇ ಕೆತ್ತಿದರು. ದೊಡ್ಡ ಕೆಲಸದಲ್ಲಿ ಯಾವುದು ಮೊದಲು ಎಂಬ ಪ್ರಶ್ನೆ ಹಳೆಯದು. ಬಿಡಿಭಾಗಗಳನ್ನು ತರಿಸಿ ನಾವೇ ಜೋಡಿಸುವ ‘ಕಿಟ್’ ವಿಮಾನದಲ್ಲಿ ಅದು ಜೀವದ ಪ್ರಶ್ನೆ.

ಬೆಂಗಳೂರಿನ ರಾಜ್ ಹಂಸ ಸಂಸ್ಥೆ ತಯಾರಿಸಿದ ‘ಎಕ್ಸ್-ಏರ್’ ಅಂಥದೊಂದು ಪುಟ್ಟ ವಿಮಾನ. ಅಲ್ಯೂಮಿನಿಯಮ್ ಕೊಳವೆಗಳನ್ನು ಬೋಲ್ಟುಗಳಿಂದ ಬಿಗಿದ ಹಂದರ. ಅದರ ಮೇಲೆ ಮೊದಲೇ ಹೊಲಿದಿಟ್ಟ ಡೇಕ್ರಾನ್ ಬಟ್ಟೆಯ ಹೊದಿಕೆ. ಹೊದಿಸಿದ ಮೇಲೆ ಒಳಗಿನ ಬೋಲ್ಟು ಕಣ್ಣಿಗೆ ಬೀಳದು. ಸಡಿಲವಾದ ಒಂದೇ ನಟ್ಟು ಹಾರಾಟದ ಕಂಪನಕ್ಕೆ ಕಳಚಿಕೊಳ್ಳಬಹುದು. ಆದ್ದರಿಂದ ಮುಚ್ಚಿಹೋಗುವ ಕೆಲಸ ಮೊದಲು, ಅದರ ತಪಾಸಣೆ ಆಮೇಲೆ, ಹೊದಿಕೆ ಅದರ ನಂತರ.

ತೂಕದ ಲೆಕ್ಕ ಯಾವಾಗ? ಎಂಜಿನ್, ಆಸನ, ಉಪಕರಣಗಳೆಲ್ಲ ಕೂಡಿದ ಮೇಲೆಯೇ. ಪ್ರತಿ ಗಾಲಿಯ ಕೆಳಗೂ ತೂಕದ ಯಂತ್ರವಿಟ್ಟು ಗುರುತ್ವ ಕೇಂದ್ರವನ್ನು ಕಂಡುಹಿಡಿಯುತ್ತಾರೆ. ಅದು ಮಿತಿ ಮೀರಿ ಹಿಂದಕ್ಕೆ ಸರಿದಿದ್ದರೆ ವಿಮಾನ ಸ್ಥಿರವಾಗಿ ಹಾರದು.

ತರಗತಿಯಲ್ಲಿ ಹೀಗೆ ಮಾಡಿ ನೋಡಿ. ಒಂದೊಂದು ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆಯಿರಿ. ಮೊದಲು ಮುಗಿಯಬೇಕಾದ ಕೆಲಸದಿಂದ ಅದನ್ನು ಕಾಯುವ ಕೆಲಸದತ್ತ ಬಾಣ ಎಳೆಯಿರಿ. ಬಾಣಗಳ ಹಾದಿ ಸುತ್ತಿ ಹೊರಟ ಚೀಟಿಗೇ ಬಂದರೆ, ಯೋಜನೆಯಲ್ಲೇ ತಪ್ಪಿದೆ ಎಂದರ್ಥ. ಕಾಗದದ ಮೇಲೆ ಸಿಕ್ಕ ತಪ್ಪನ್ನು ಅಳಿಸಬಹುದು, ಆಕಾಶದಲ್ಲಿ ಸಿಕ್ಕರೆ?